ಹಗ್ಗ ನನ್ನ ಬ್ಯಾಗಲ್ಲಿ, ಪರದೆ ನಿನ್ನದರಲ್ಲಿ

ಅಕ್ಕಾ,

ನೀನು ತೀರಿಕೊಂಡ ಮೇಲೆ ಇದೇ ಮೊದಲ ಸಲ ಬ್ಯಾಗು ಹೊತ್ತು ಕಾಡಿಗೆ ಬಂದಿದ್ದೀನಿ. ದಿನವಿಡೀ ಹೊಳೆದಂಡೆ ಹಿಡಿದು ನಡೆದು ಕಾಲು ಸೋತುಹೋಗಿದೆ. ಸಂಜೆ ದೋಣಿಯಲ್ಲಿ ಹೊಳೆ ದಾಟಿ, ರಾತ್ರಿ ತಂಗೋಕೆ ಸಿಕ್ಕ ಈ ಬಿದಿರಿನ ಮನೆಯಲ್ಲಿ ಬ್ಯಾಗು ಬಿಚ್ಚಿದರೆ ಸೊಳ್ಳೆಪರದೆ ಕಟ್ಟೋ ಹಗ್ಗ ಮಾತ್ರ ಇದೆ. ಪರದೆ ಯಾವಾಗಲೂ ನಿನ್ನ ಬ್ಯಾಗಲ್ಲಿ ತಾನೇ ಇರ್ತಿತ್ತು?

"ಬರೀ ಹಗ್ಗ ಹೊತ್ಕೊಂಡು ಬಂದ್ರಾ? ಪರದೆ ಎಲ್ಲಮ್ಮಾ?" ಅಂತ ಮನೆಯಾಕೆ ನಕ್ಕಳು.

"ಅಕ್ಕನ ಹತ್ರ ಇದೆ" ಅಂದುಬಿಟ್ಟೆ. ಸುಸ್ತಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ಆಕೆ ದಡಕ್ಕೆ ಓಡಿದಳು. "ದೋಣಿ ಕಟ್ಟಬೇಡಪ್ಪಾ, ಇವರಕ್ಕ ಹಿಂದೆ ಬರ್ತಿದ್ದಾರಂತೆ!"

ದೋಣಿಯವನು ಗೊಣಗುತ್ತಾ ಮತ್ತೆ ಆಚೆ ದಡಕ್ಕೆ ಹೋದ. ಕತ್ತಲಾಗ್ತಿದೆ, ಅವನಿನ್ನೂ ಅಲ್ಲೇ ಕಾಯ್ತಾ ಕೂತಿದ್ದಾನೆ. ಒಂದು ಸಲ ಕೂಗಿದರೆ ವಾಪಸ್ ಬಂದುಬಿಡ್ತಾನೆ.

ನಾನಿನ್ನೂ ಕೂಗಿಲ್ಲ.