ತಲೆದೆಸೆಯ ಕಲ್ಲು

ಫೆಬ್ರುವರಿ ಮೂವತ್ತು, ಒಳಗಿಳಿದ ನೂರ ನಾಲ್ಕನೆಯ ವರ್ಷ
ಕಲ್ಲುಗಣಿ ಒಳಪೇಟೆ, ಕಾಗಿಣಾ ಹೊಳೆಯ ಹಳೆಯ ದಂಡೆ

ನಮಗಿಂತ ಮೊದಲು ಬಾಳುತ್ತಿರುವ ಹಿರಿಯರಿಗೆ ಜಗದೇವಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಫೆಬ್ರುವರಿಗೆ ಮೂವತ್ತನೆಯ ದಿನವೇ ಇಲ್ಲವೆಂದು ಕೇಳಿದ್ದೇನೆ. ನಮ್ಮಲ್ಲಿ ಎಲ್ಲ ತಿಂಗಳುಗಳನ್ನೂ ಸಮ ಮಾಡಿದ್ದಾರೆ. ಹಾಗೆಯೇ ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ತಿಳಿದಷ್ಟು ಬಿಡಿಸಿ ಹೇಳುತ್ತೇನೆ.

ನಮ್ಮ ಪೇಟೆಯಲ್ಲಿ ಹಿಂದಕ್ಕೆ ಹೋಗುವ ಕಾಗದಗಳ ಪೆಟ್ಟಿಗೆಯೊಂದಿದೆ. ಅದರಲ್ಲಿ ಹಾಕಿದ್ದು ನಿಮ್ಮ ಕಾಲಕ್ಕೆ ಹೇಗೆ ಬರುತ್ತದೆಂದು ನನಗೆ ತಿಳಿಯದು. ಒಬ್ಬರು ಜನ್ಮದಲ್ಲಿ ಒಂದೇ ಕಾಗದ ಹಾಕಬಹುದು. ಬೇರೆಯವರು ಹೊಳೆ ಉಳಿಸಿ, ಮರ ಕಡಿಯಬೇಡಿ ಎಂದು ಬರೆಯುತ್ತಾರೆ. ಅವು ದೊಡ್ಡ ಮಾತುಗಳು, ಅವರೇ ಬರೆಯಲಿ. ನಾನು ಎದೆಯುರಿಯ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ನನ್ನನ್ನು ಸಾಕಿದ ದೊಡ್ಡವ್ವ ಕಾಶಮ್ಮನ ದನಿ ಹೋದದ್ದು ಅದರಿಂದಲೇ.

ನಮ್ಮ ದಿನ ಹೇಗಿರುತ್ತದೆಂದು ಮೊದಲು ಹೇಳಬೇಕು. ಸೂರ್ಯ ಮೂಡಿದ ಮೇಲೆ ನೆಲದ ಮೇಲೆ ನಿಲ್ಲಲು ಆಗುವುದಿಲ್ಲ. ನಿಮ್ಮವರು ಮನೆಗಳಿಗೆ ಹಾಸಲೆಂದು ಕಲ್ಲು ತೆಗೆದ ಗಣಿಗಳ ಒಳಗೆ ನಾವು ವಾಸವಾಗಿದ್ದೇವೆ. ಇದನ್ನೇ ಒಳಪೇಟೆ ಎನ್ನುತ್ತೇವೆ. ಸಂಜೆ ಇಳಿಜಾರು ದಾರಿ ಹತ್ತಿ ಹೊಲಕ್ಕೆ ಹೋಗುತ್ತೇವೆ, ರಾತ್ರಿಯೆಲ್ಲ ಜೋಳ, ಶೇಂಗಾ ಬೆಳೆಯುವ ಕೆಲಸ ಮಾಡುತ್ತೇವೆ, ಬೆಳಕು ಹರಿಯುವ ಮೊದಲು ಇಳಿದು ಬರುತ್ತೇವೆ. ಆಮೇಲೆ ದೊಡ್ಡ ಕಲ್ಲಿನ ಕದ ಮುಚ್ಚುತ್ತಾರೆ. ಕೆಲಸಕ್ಕೆ ಹೋಗುವಾಗ ಸೊಂಟಕ್ಕೆ ತಂಪುಪಟ್ಟಿ ಬಿಗಿಯುತ್ತೇವೆ. ಅದು ಒದ್ದೆ ಜೆಲ್ಲು ತುಂಬಿದ ಅಗಲವಾದ ಪಟ್ಟಿ. ಸಡಿಲ ಕಟ್ಟಿದರೆ ತಂಪು ಹತ್ತುವುದಿಲ್ಲವೆಂದು ಹೊಟ್ಟೆ ಒಳಗೆ ಹೋಗುವಷ್ಟು ಬಿಗಿದು, ಮಲಗುವಾಗಲೂ ಬಿಚ್ಚದವರಿದ್ದರು. ಮಲಗುವುದು ಹಾಸುಗಲ್ಲಿನ ಮೇಲೆ. ಬಂಡೆಯಲ್ಲೇ ಕಡಿದ ಕಟ್ಟೆ ಅದು, ಸಪಾಟಾಗಿ ತಣ್ಣಗಿರುತ್ತದೆ. ನಿಮ್ಮ ಮಂಚದ ಹಾಗೆ ಅದಕ್ಕೆ ಕಾಲುಗಳಿಲ್ಲ.

ದೊಡ್ಡವ್ವ ನಮ್ಮ ಪೇಟೆಯ ಕರೆಗಾರ್ತಿ ಆಗಿದ್ದಳು. ಬೆಳಗಿನ ಜಾವ ದಾರಿಯ ಬಾಯಲ್ಲಿ ನಿಂತು ಒಂದೊಂದೇ ಹೊಲದ ಹೆಸರು ಹಿಡಿದು ಕೂಗುವುದು ಅವಳ ಕೆಲಸ. ಅದಕ್ಕೆ ಇಳಿಕೂಗು ಎಂದು ಹೆಸರು. ಆ ಹೊಲದವರು "ಬಂದಿವಿ" ಎಂದು ಉತ್ತರ ಕೊಡಬೇಕು. ಉತ್ತರ ಬರುವವರೆಗೆ ಅವಳು ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ. ಹಿಂದೆ ಸೈರನ್ ಇತ್ತಂತೆ. ಸೈರನ್ ತನ್ನಷ್ಟಕ್ಕೆ ಕೂಗುತ್ತದೆ, ಉತ್ತರಕ್ಕೆ ಕಾಯುವುದಿಲ್ಲ. ಅದನ್ನು ನಂಬಿ ಕದ ಮುಚ್ಚಿ, ಮೇಲೆ ಉಳಿದವರನ್ನು ಕಳೆದುಕೊಂಡ ಮೇಲೆ ಮನುಷ್ಯರ ದನಿಯನ್ನೇ ಇಟ್ಟುಕೊಂಡರು. ದೊಡ್ಡವ್ವನ ದನಿ ಗಡಿಗಲ್ಲಿನ ಹೊಲದವರೆಗೂ ಹೋಗುತ್ತಿತ್ತು. ಅದಕ್ಕಿಂತ ದೂರದ ಹೊಲ ನಮಗಿಲ್ಲ.

ಇಳಿದು ಬಂದವರಿಗೆ ಮೂಡಲೂಟ ಕಾದಿರುತ್ತಿತ್ತು. ಮೂಡಣ ಕೆಂಪಾಗುವಾಗ ಉಣ್ಣುವುದರಿಂದ ಆ ಹೆಸರು. ಇಡೀ ದಿನಕ್ಕೆ ಅದೇ ದೊಡ್ಡ ಊಟ. ಅಡುಗೆಯ ಹಿರಿಯ ಮಲ್ಕಪ್ಪ ಕಾಕಾ ಬಿಸಿ ರೊಟ್ಟಿ, ಎಣ್ಣೆ ತೇಲುವ ಹುಳಿ ಸೊಪ್ಪಿನ ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಕೆಂಪು ಖಾರ ಬಡಿಸಿ, ಕೊನೆಗೆ ಕರಿ ಚಹಾ ಕೊಡುತ್ತಿದ್ದ. ಉಂಡವರು ಚಹಾದ ಬಿಸಿ ಬಾಯಲ್ಲಿ ಇರುವಾಗಲೇ ಹೋಗಿ ಅಡ್ಡಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಕೂರುವ ಸದ್ದು ಕೇಳುತ್ತಿತ್ತು. ಎದೆಯ ನಡುವೆ ಉರಿ, ಗಂಟಲಿಗೆ ಹುಳಿ ನೀರು. ಯಾರೂ ಅದನ್ನು ಕಾಯಿಲೆ ಎನ್ನುತ್ತಿರಲಿಲ್ಲ. ಗಣಿಯ ಬಿಳಿ ಕಲ್ಲನ್ನು ಸುಡದೆ ಹಾಗೇ ನುಣ್ಣಗೆ ಅರೆದ ಪುಡಿ ಎಲ್ಲರ ತಲೆದೆಸೆಯಲ್ಲಿ ಸಂಚಿಯಲ್ಲಿರುತ್ತಿತ್ತು. ಒಂದು ಚಿಟಿಕೆ ನೆಕ್ಕಿದರೆ ಉರಿ ಇಳಿಯುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು. ಹುಡುಗಿ ನೋಡಲು ಹೋದವರು ಅವಳ ಕೈಯ ಪುಡಿ ಎಷ್ಟು ನುಣ್ಣಗಿದೆ ಎಂದು ಕೇಳುವಷ್ಟು ಅದು ರೂಢಿಯಾಗಿತ್ತು.

ಹೀಗಿರುವಾಗ ದೊಡ್ಡವ್ವನ ದನಿ ಒಡೆಯತೊಡಗಿತು. ಎದ್ದ ಕೂಡಲೇ ಮಾತು ಗೊಗ್ಗರಾಗಿ ಬರುತ್ತಿತ್ತು. ಗಂಟಲಲ್ಲಿ ಏನೋ ಸಿಕ್ಕಿದಂತೆ ಕ್ಯಾಕರಿಸುತ್ತಿದ್ದಳು. ಹೊಲದ ಧೂಳು ಎಂದರು. ಕರೆಗಾರ್ತಿಯ ದನಿ ಇಡೀ ಪೇಟೆಯ ಆಸ್ತಿಯಾದ್ದರಿಂದ ಎಲ್ಲರೂ ಅಕ್ಕರೆಯಿಂದ ಮದ್ದು ತಂದರು. ಕರಿಮೆಣಸು, ಶುಂಠಿ ಕುದಿಸಿದ ಕಷಾಯವನ್ನು ಮಲಗುವ ಮುಂಚೆ ಲೋಟದ ತುಂಬ ಕುಡಿಸಿದರು. ಮಲ್ಕಪ್ಪ ಕಾಕಾ ಅವಳ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದ. ಉಂಡು ಕುಡಿದು ಅವಳು ಸಪಾಟಾಗಿ ಮಲಗಿದಳು. ಆ ಪ್ರೀತಿಯಿಂದಲೇ ದನಿ ಇನ್ನಷ್ಟು ಹಾಳಾಯಿತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಊರೂರು ತಿರುಗುವ ಡಾಕ್ಟರು ತಹಸೀನ್ ಬಾಯಿ ಆ ವರ್ಷ ನಮ್ಮಲ್ಲಿಗೆ ಬಂದರು. ಸಣ್ಣ ದೀಪದ ಕೊಳವೆಯಿಂದ ದೊಡ್ಡವ್ವನ ಗಂಟಲು ನೋಡಿದರು. ಧೂಳಿನದಲ್ಲ, ಗಡ್ಡೆಯೂ ಇಲ್ಲ, ಹೊಟ್ಟೆಯ ಹುಳಿ ಮೇಲೆ ಬಂದು ದನಿಯ ಜಾಗ ಕೆಂಪಾಗಿದೆ ಎಂದರು. ಹೊಟ್ಟೆಯ ಹುಳಿ ಗಂಟಲಿಗೆ ಹೇಗೆ ಬರುತ್ತದೆಂದು ನಮಗೆ ನಂಬಿಕೆಯಾಗಲಿಲ್ಲ. ಆಗ ಅವರು ನೀರಿನ ಚೀಲವೊಂದನ್ನು ಕಂಠದವರೆಗೆ ತುಂಬಿ, ಬಾಯಿಗೆ ಸಡಿಲವಾಗಿ ದಾರ ಸುತ್ತಿದರು. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಇಂಥದೇ ಒಂದು ಬಿಗಿ ಇದೆ, ಅದು ಸಡಿಲವಾದರೆ ಹೀಗೆ ಎನ್ನುತ್ತಾ ಚೀಲವನ್ನು ಕಲ್ಲಿನ ಮೇಲೆ ಅಡ್ಡ ಮಲಗಿಸಿದರು. ನೀರು ಜಿನುಗಿತು. ಬಾಯಿಯ ಕಡೆ ಎತ್ತಿ ಹಿಡಿದರು, ನಿಂತಿತು. ಮತ್ತೆ ಮಲಗಿಸಿ, ಮಲ್ಕಪ್ಪ ಕಾಕಾನ ಸೊಂಟದ ಪಟ್ಟಿಯನ್ನು ಬಿಚ್ಚಿಸಿ ಚೀಲಕ್ಕೆ ಬಿಗಿದರು. ನೀರು ಚಿಮ್ಮಿ ಅವನ ಕಾಲ ಮೇಲೆಯೇ ಬಿತ್ತು.

"ನೋಡ್ರಿ ಕಾಕಾ, ಇದು ನಿಮ್ಮ ಹೊಟ್ಟಿ."

"ನನ್ನ ಹೊಟ್ಟಿ ಇಷ್ಟ ಸಣ್ಣದಿಲ್ಲ ಬಾಯಿ" ಎಂದ ಕಾಕಾ. ಎಲ್ಲರೂ ನಕ್ಕರು.

ತಹಸೀನ್ ಬಾಯಿ ಹುಳಿ ತಗ್ಗಿಸುವ ಗುಳಿಗೆ ಕೊಟ್ಟು, ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಬೇಕೆಂದು ಹೇಳಿದರು. ಪಟ್ಟಿ ಸಡಿಲಿಸಿ, ಕಷಾಯ ನಿಲ್ಲಿಸಿ, ಉಂಡ ಮೇಲೆ ಮೂರು ತಾಸು ಅಡ್ಡಾಗಬೇಡಿ ಎಂದರು. ಬಿಳಿಪುಡಿ ಆ ಹೊತ್ತಿಗೆ ಉರಿ ಆರಿಸುತ್ತದೆ, ಹುಳಿ ಮೇಲೆ ಬರುವುದನ್ನು ತಡೆಯುವುದಿಲ್ಲ ಎಂದೂ ತಿಳಿಸಿದರು. ಹೆಚ್ಚು ವಾದವಾದದ್ದು ಎರಡು ಮಾತಿಗೆ. ಒಂದು, ದೊಡ್ಡ ಊಟ ನಡುರಾತ್ರಿಯೇ ಆಗಬೇಕು ಎಂಬುದು.

"ರಾತ್ರಿ ಎಲ್ಲಾ ದುಡದ ಬಂದ ಮಂದಿಗಿ ಗಂಜಿ ಕುಡದ ಮಕ್ಕೋರಿ ಅಂತ ಹ್ಯಾಂಗ ಹೇಳ್ಲಿ? ನನ್ನ ಸೌಟಿನ್ಲೇ ನನಗ ಬಡೀತಾರ" ಎಂದ ಮಲ್ಕಪ್ಪ ಕಾಕಾ.

"ಗಂಜಿ ಯಾರ್ ಅಂದಾರ? ಅದೇ ರೊಟ್ಟಿ ಹೊಲಕ್ಕ ಕಳಸ್ರಿ. ಇಳದು ಬಂದಾಗ ಹಗುರಾಗಿ ಒಂದೀಟ ಕೊಡ್ರಿ."

"ಹೊಲದಾಗ ತಣ್ಣನ ರೊಟ್ಟಿ ತಿನ್ನಾಕ ನಮ್ಮವರೇನ್ ದನಾನ?"

ಎರಡನೆಯ ಮಾತು ಮಲಗುವುದರದು. ತಲೆಯ ಕೆಳಗೆ ಬಟ್ಟೆ ಗಂಟು ಒಟ್ಟಿದರೆ ಹೊಟ್ಟೆ ಮಡಚುತ್ತದೆ, ಹಾಗೆ ಮಾಡಬೇಡಿ, ಹಾಸುಗಲ್ಲಿನ ಮೇಲೆ ಒಂದು ಚಪ್ಪಡಿ ಹಾಕಿ, ಅದರ ತಲೆದೆಸೆಗೆ ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದ ಕಲ್ಲು ಕೊಡಿ, ಎಡಮಗ್ಗುಲಾಗಿ ಮಲಗಿ ಎಂದು ಅವರು ಹೇಳಿದಾಗ ಸೇರಿದ್ದ ಜನ ಎರಡು ಹೆಜ್ಜೆ ಹಿಂದೆ ಸರಿದರು. ಅವರು ಬೇರೆ ಪೇಟೆಯವರು, ಅವರಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಹಾಗೆ ಮಲಗಿಸುವುದು ಹೆಣವನ್ನು. ಇಳಿಜಾರಿನ ಬುಡದಲ್ಲಿ ಕೊನೆಗಲ್ಲು ಎಂಬ ಓರೆ ಚಪ್ಪಡಿ ಇದೆ. ಸತ್ತವರನ್ನು ತಲೆ ಎತ್ತರವಾಗಿ ಅದರ ಮೇಲಿಡುತ್ತೇವೆ, ಕೆಲಸಕ್ಕೆ ಹತ್ತುವವರಿಗೆಲ್ಲ ಮುಖ ಕಾಣಲಿ ಎಂದು.

ದೊಡ್ಡವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ಗುಳಿಗಿ ನುಂಗ್ತೀನಿ. ಪಟ್ಟಿ ಬಿಚ್ತೀನಿ. ಆ ಕಲ್ಲಿನ ಮ್ಯಾಲ ನಾ ಒಲ್ಲೆ ಬಾಯಿ. ನಾ ಇನ್ನಾ ಸತ್ತಿಲ್ಲ. ನನ್ನ ನೋಡಿ ಮಂದಿ ಅಳಾಕ ಸುರು ಮಾಡ್ತಾರ."

"ದೊಡ್ಡವ್ವಾರೆ, ದನಿ ಹೋಗ್ತದ."

"ಹೋಗಂಗಿಲ್ಲ ಬಿಡ್ರಿ. ನಮ್ಮವ್ವಂದೂ ಹಿಂಗೇ ಇತ್ತು."

ಆದರೂ ನಾನು ತಲೆದೆಸೆಗೆ ಸರಿಹೋಗುವ ಕಲ್ಲೊಂದನ್ನು ಹುಡುಕಿ ಮೂಲೆಯಲ್ಲಿ ಇಟ್ಟಿದ್ದೆ. ಅವಳು ಅದರ ಮೇಲೆ ನೀರಿನ ಕೊಡ ಇಡತೊಡಗಿದಳು. ಗುಳಿಗೆಯಿಂದ ಉರಿ ಕಡಿಮೆಯಾದ ಹಾಗೆ ಕಂಡಿತು. ಊಟದ ಹೊತ್ತು ಬದಲಾಗಿರಲಿಲ್ಲ, ಮಲಗುವ ರೀತಿ ಬದಲಾಗಿರಲಿಲ್ಲ. ಗುಳಿಗೆ ಮುಗಿದ ಮೇಲೆ ಉರಿ ತಿರುಗಿ ಬಂತು.

ಬೇಸಿಗೆಯ ಒಂದು ಬೆಳಗಿನ ಜಾವ ಮಲ್ಕಪ್ಪ ಕಾಕಾ ಎಳೆಯ ಪುಂಡಿ ಸೊಪ್ಪು ಬೇಕೆಂದು ತಾನೇ ಗಡಿಗಲ್ಲಿನ ಹೊಲಕ್ಕೆ ಹೋಗಿದ್ದ. ಅಲ್ಲಿ ಆ ದಿನ ಬೇರೆ ಯಾರೂ ಇರಲಿಲ್ಲ. ದೊಡ್ಡವ್ವ ಒಂದೊಂದೇ ಹೆಸರು ಕೂಗಿದಳು, ಉತ್ತರಗಳು ಬಂದವು, ಜನ ಇಳಿದರು. ಗಡಿಗಲ್ಲಿನ ಹೆಸರಿಗೆ ಬಂದಾಗ ದನಿ ಬಟ್ಟೆ ಹರಿದ ಹಾಗೆ ಎರಡಾಯಿತು. ಮತ್ತೆ ಕೂಗಿದಳು. ಬಾಯಿ ತೆರೆಯಿತು, ಗಾಳಿ ಬಂತು, ಕೂಗು ಬರಲಿಲ್ಲ. ನಾನು ಪಕ್ಕದಲ್ಲಿದ್ದೆ. ಅವಳು ನನ್ನ ಕೈ ಹಿಡಿದು ಆ ಕಡೆ ತೋರಿಸಿದಳು. ನಾನು ಕೂಗಿದೆ, ನನ್ನದು ಅಷ್ಟು ದೂರ ಹೋಗುವ ದನಿಯಲ್ಲ. ಆ ಹೊತ್ತಿಗೆ ಬಿಸಿಲು ಗುಡ್ಡ ಮುಟ್ಟಿತ್ತು. ಇಬ್ಬರು ಗಂಡಸರು ಒದ್ದೆ ಕಂಬಳಿ ಹೊದ್ದು ಓಡಿದರು. ಕದ ಮುಚ್ಚುತ್ತೇವೆ ಎಂದವರಿಗೆ ದೊಡ್ಡವ್ವ ಅಡ್ಡ ನಿಂತಳು.

ಕಾಕಾನನ್ನು ಹೊತ್ತು ತಂದಾಗ ಬೆನ್ನಿನ ತೊಗಲು ಸುಟ್ಟಿತ್ತು. ಒಂದು ಕಣ್ಣಿನ ದೃಷ್ಟಿ ಆಮೇಲೆ ಬರಲೇ ಇಲ್ಲ. ಅವನು ಮೊದಲು ಹುಡುಕಿದ್ದು ದೊಡ್ಡವ್ವನನ್ನು.

"ಕಾಶಮ್ಮ, ನಿನ್ನ ಕೂಗು ಕೇಳಸ್ತು. ನಾನೇ ಸೊಪ್ಪಿನ ಆಸಿಗಿ ತಡಾ ಮಾಡ್ದೆ."

ಕೇಳಿಸಿದ್ದರೆ ಅವನು ಉತ್ತರ ಕೊಡುತ್ತಿದ್ದ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಅವಳು ಅವನ ತಲೆ ಸವರಿದಳು, ಅಷ್ಟೇ. ಆ ದಿನ ಉಣ್ಣಲಿಲ್ಲ. ಎಲ್ಲರೂ ಮಲಗಿದ ಮೇಲೆ ಕೊಡ ಕೆಳಗಿಳಿಸಿ, ಪಿಸುದನಿಯಲ್ಲಿ ಅಂದಳು: "ಜಗ್ಗಿ, ಚಪ್ಪಡಿ ಹಾಸು. ಈ ಕಲ್ಲು ತಲಿಕಡೆ ಕೊಡು."

ಮರುದಿನ ಅವಳು ಹಾಗೆ ಮಲಗಿದ್ದು ಕಂಡ ನೆರೆಮನೆಯಾಕೆ ಚೀರಿ ಜನ ಸೇರಿಸಿದಳು. ದೊಡ್ಡವ್ವ ಒಂದು ಕಣ್ಣು ತೆರೆದು, "ಹೂವು ತಂದೀರೇನು" ಎಂದು ಕೇಳಿದಳು. ಕಾಕಾ ಬೆನ್ನು ಮಾಯ್ದ ಮೇಲೆ ತಾನೇ ಮುಂದೆ ನಿಂತು ನಡುರಾತ್ರಿ ರೊಟ್ಟಿ ಗಂಟು ಹೊಲಕ್ಕೆ ಕಳಿಸಿದ. ಜನ ಗೊಣಗಿದರು, ಆಮೇಲೆ ಬೆಳದಿಂಗಳಲ್ಲಿ ಕೂತು ಉಣ್ಣುವುದೇ ಚೆನ್ನ ಎಂದರು. ಒಬ್ಬರನ್ನು ನೋಡಿ ಒಬ್ಬರು ಚಪ್ಪಡಿ ಓರೆ ಮಾಡಿದರು. ಪುಡಿಯ ಸಂಚಿಗಳು ತಲೆದೆಸೆಯ ಗೂಟದಲ್ಲೇ ಉಳಿದವು. ದೊಡ್ಡವ್ವನ ಉರಿಯೂ ಹೋಯಿತು. ಮಾತಾಡುವಷ್ಟು ದನಿ ಬಂತು. ಕೂಗುವಷ್ಟು ಬರಲೇ ಇಲ್ಲ. ಒಂದು ವರ್ಷ ಮೊದಲೇ ಆ ಕಲ್ಲಿನ ಮೇಲಿನ ಕೊಡ ಇಳಿಸಿದ್ದರೆ ಬರುತ್ತಿತ್ತೇನೋ ಎಂದು ಮತ್ತೊಮ್ಮೆ ಬಂದ ತಹಸೀನ್ ಬಾಯಿ ಹೇಳಿದರು. ಖಂಡಿತ ಎಂದು ಅವರೂ ಹೇಳಲಿಲ್ಲ. ಆಮೇಲೆ ಬೇರೆ ಹೆಂಗಸರು ಕೂಗಿದರು, ದೊಡ್ಡವ್ವ ಅವರ ಪಕ್ಕದಲ್ಲಿ ನಿಂತು ಉತ್ತರ ಆಲಿಸುತ್ತಿದ್ದಳು. ಕಾಕಾ ಕದದ ಬಳಿ ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದಳು.

ಹೋದ ಚಳಿಗಾಲ ಅವಳು ಜ್ವರದಿಂದ ತೀರಿಕೊಂಡಳು. ಮೊದಲೇ ಹೇಳಿಟ್ಟಿದ್ದಳು: "ಬದಕಿದ್ದಾಗ ಎತ್ತರ ಮಲಗೀನಿ. ಸತ್ತ ಮ್ಯಾಲ ಸಪಾಟ ಮಲಗಸ್ರಿ. ಎರಡೂ ಒಂದೇ ಆಗಬಾರದು, ಇಲ್ಲಂದ್ರ ಮಂದಿ ಮತ್ತ ಅಂಜತಾರ." ಹಾಗೆಯೇ ನೆಲದ ಮೇಲೆ ಮಲಗಿಸಿದೆವು. ಹತ್ತುವ ದಾರಿಯಿಂದ ಮುಖ ಕಾಣಲಿಲ್ಲ. ಒಬ್ಬೊಬ್ಬರೂ ಬಂದು ಬಾಗಿ ನೋಡಬೇಕಾಯಿತು. ಮಲ್ಕಪ್ಪ ಕಾಕಾ ಬಾಗಿದವನು ಬಹಳ ಹೊತ್ತು ಏಳಲಿಲ್ಲ. ಏಳುವಾಗ ಅವಳ ಕಿವಿಯ ಹತ್ತಿರ "ಬಂದೆ" ಎಂದ.

ಹಿರಿಯರೇ, ನಿಮ್ಮ ಚಿತ್ರಗಳನ್ನು ನೋಡಿದ್ದೇನೆ. ನಿಮಗೆ ಸಂಜೆ ಇದೆ. ಹೊರಗೆ ಕೂತು ಉಂಡು, ಅಂಗಳದಲ್ಲಿ ಅಡ್ಡಾಡಿ, ಆಮೇಲೆ ಮಲಗಬಹುದಾದ ಸಂಜೆ. ಅದನ್ನು ಬಿಟ್ಟು ಹೊತ್ತು ಮೀರಿ ಹೊಟ್ಟೆ ಬಿರಿಯುವಷ್ಟು ಉಂಡು, ಹಾಗೇ ಹಾಸಿಗೆಗೆ ಬೀಳುತ್ತೀರಿ ಎಂದು ಕೇಳಿದಾಗ ನನಗೆ ನಂಬಲಾಗಲಿಲ್ಲ. ದಯವಿಟ್ಟು ಬೇಗ ಉಣ್ಣಿ. ಉರಿ ವಾರಗಟ್ಟಲೆ ಬಿಡದಿದ್ದರೆ ಪುಡಿ ಗುಳಿಗೆಗಳಲ್ಲಿ ಅದನ್ನು ಮುಚ್ಚಿಡದೆ ಡಾಕ್ಟರಿಗೆ ತೋರಿಸಿ. ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ಮೈ ಇಳಿದರೆ, ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಒಂದು ದಿನವೂ ತಡ ಮಾಡಬೇಡಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ಅದನ್ನು ಎದೆಯುರಿ ಎಂದುಕೊಂಡು ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಯಲ್ಲಿ ಯಾರದಾದರೂ ದನಿ ಬೆಳಿಗ್ಗೆ ಬೆಳಿಗ್ಗೆ ಒಡೆಯುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ.

ನಮ್ಮಲ್ಲಿ ಕೂಗಿದ ಮೇಲೆ ಉತ್ತರಕ್ಕೆ ಕಾಯುವುದು ರೂಢಿ. ಈ ಕಾಗದಕ್ಕೆ ಉತ್ತರ ಬರುವ ದಾರಿಯಿಲ್ಲವೆಂದು ಪೆಟ್ಟಿಗೆಯವರು ಹೇಳಿದ್ದಾರೆ. ನಿಮ್ಮ ಮಂಚಗಳಿಗೆ ಕಾಲುಗಳಿವೆ. ತಲೆದೆಸೆಯ ಎರಡು ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಡಿ. ಯಾರಾದರೂ ಇಟ್ಟಿದ್ದೀರಿ ಎಂದು ನಂಬಿ ನಾನು ಕದ ಮುಚ್ಚುತ್ತೇನೆ.

ಇಂತಿ,
ಕಾಶಮ್ಮನ ಮನೆಯ ಜಗದೇವಿ