ಅಪ್ಪನ ತಲೆ ಮುಟ್ಟಬಾರದು

ಪಂಗಾಯ್, ಹಾಪಾಯ್ ದ್ವೀಪಸಮೂಹ
ಏಪ್ರಿಲ್ ೧೯

ಪ್ರೀತಿಯ ತಮ್ಮ ಫೆಲೇತಿ,

ಹೇಗಿದ್ದೀಯಪ್ಪಾ? ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ಶಾಲೆಯಲ್ಲಿ ಮಕ್ಕಳ ಪರೀಕ್ಷೆ ಹತ್ತಿರ ಬಂತು, ಅದರ ಮೇಲೆ ನನ್ನ ಮಂಡಿನೋವು. ಕಡಲಾಚೆ ದಕ್ಷಿಣದಲ್ಲಿ ನೀನು ದುಡಿಯುವ ಟೊಮೇಟೊ ತೋಟದಲ್ಲಿ ಈಗ ಚಳಿ ಶುರುವಾಗಿರಬೇಕು. ಬೆಚ್ಚಗೆ ಹೊದ್ದುಕೋ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಹೆಂಡತಿ ಸೆಲಾ ಮಗಳು ಮೆಲೆನೈತೆಗೆ ಬಿಳಿ ಉಡುಪು ಹೊಲಿದು ಮುಗಿಸಿದ್ದಾಳೆ. ಮೇ ತಿಂಗಳ ಮಕ್ಕಳ ಭಾನುವಾರದ ಹಬ್ಬಕ್ಕೆ ಅವಳು ಚರ್ಚಿನಲ್ಲಿ ಬೈಬಲ್ ವಚನ ಒಪ್ಪಿಸಬೇಕು. ಈ ಸಲ ಅವಳ ಅಪ್ಪ ಮುಂದಿನ ಸಾಲಿನಲ್ಲಿ ಕೂತಿರುತ್ತಾನೆಂದು ಸೆಲಾ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನೀನು ಇಲ್ಲದೆ ಮೂರು ವರ್ಷದ ಮಕ್ಕಳ ಭಾನುವಾರಗಳು ಕಳೆದವು. ಸೆಲಾ ಮಾತ್ರ ಈಗಿನಿಂದಲೇ ಹಬ್ಬದೂಟಕ್ಕೆ ಕೆಸುವಿನ ಎಲೆ ಯಾವ ತೋಟದಿಂದ ತರುವುದೆಂದು ಲೆಕ್ಕ ಹಾಕುತ್ತಿದ್ದಾಳೆ.

ನಿನ್ನ ಮಗಳ ಸುದ್ದಿ ಹೇಳುತ್ತೇನೆ ಕೇಳು. ಹೋದ ವಾರ ಇಂಗ್ಲಿಷ್ ತರಗತಿಯಲ್ಲಿ ಕ್ಯಾನ್, ಮೇ, ಮಸ್ಟ್ ಪಾಠ ಮಾಡುತ್ತಿದ್ದೆ. ಮಾಡಬಹುದು, ಮಾಡಲೇಬೇಕು, ಮಾಡಬಾರದು. ಮನೆಯಲ್ಲಿ ಏನು ಮಾಡಬಾರದು, ಒಬ್ಬೊಬ್ಬರೇ ನಿಂತು ‘ಮಸ್ಟ್ ನಾಟ್’ ಹಾಕಿ ಹೇಳಿ ಎಂದೆ. ನಮ್ಮ ದ್ವೀಪದ ಮಕ್ಕಳಲ್ಲವೇ, ಮನೆಮನೆಯ ಹಳೇ ಕಟ್ಟಳೆಯೇ ಎಲ್ಲರದೂ ಒಂದೇ ರಾಗ: ಅಪ್ಪನ ತಲೆ ಮುಟ್ಟಬಾರದು, ಅಪ್ಪನ ಎಂಜಲು ತಿನ್ನಬಾರದು. ಮೆಲೆನೈತೆ ಎದ್ದು ನಿಂತವಳು ಬಾಯಿ ಬಿಡಲಿಲ್ಲ.

“ಇಷ್ಟೂ ಗೊತ್ತಿಲ್ವೇನೇ? ನಿಮ್ಮಪ್ಪಂಗೆ ತಲೆ ಇಲ್ವಾ?” ಎಂದು ರೇಗಿಸಿದೆ. ಎಲ್ಲರೂ ನಕ್ಕರು.

“ಗೊತ್ತು ಅತ್ತೆ. ಹೇಳೋಕಾಗಲ್ಲ,” ಎಂದು ಕೂತುಬಿಟ್ಟಳು.

ನಾಚಿಕೆ ಇರಬೇಕೆಂದುಕೊಂಡು ಪಕ್ಕದವಳನ್ನು ಎಬ್ಬಿಸಿದೆ.

ಸೆಲಾ ನನ್ನನ್ನು ಬಿಡುತ್ತಿಲ್ಲ. “ನೀವು ಅಕ್ಕ, ನಿಮ್ಮ ಮಾತು ಅವರು ಮೀರಲ್ಲ. ಬರಲೇಬೇಕು ಅಂತ ಬರೀರಿ,” ಎನ್ನುತ್ತಾಳೆ. ನಿಜ, ತಮ್ಮನಿಗೆ ಹಾಗೆ ಹೇಳುವ ಹಕ್ಕು ನನಗಿದೆ. ಚಿಕ್ಕಂದಿನಲ್ಲಿ ನಿನ್ನ ಪಾಲಿನ ಮೀನನ್ನೂ ಅದೇ ಹಕ್ಕಿನಿಂದ ಕಿತ್ತುಕೊಂಡು ತಿಂದವಳು ನಾನು. ಆದರೆ ಈ ಸಲ ಆ ಮಾತು ಬರೆಯಲು ಮನಸ್ಸಾಗುತ್ತಿಲ್ಲ. ನಿನಗೆ ಬರಬೇಕೆನಿಸಿದರೆ ಬಾ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಎಷ್ಟಾದರೂ ನೀನು ನಾನು ಎತ್ತಿ ಆಡಿಸಿದ ಕೂಸು.

ನಿನ್ನ ಅಕ್ಕ,
ಲೋಸೆಲಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಜೊತೆ ಕೆಲಸಕ್ಕಿದ್ದ ಟೇವಿಟಾ ಊರಿಗೆ ಬಂದಿದ್ದಾನೆ. ಆ ಪಾಠದ ಹಿಂದಿನ ದಿನ, ಅಪ್ಪನನ್ನು ನೋಡು ಎಂದು ಮೆಲೆನೈತೆಗೆ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದನಂತೆ. ನಿನ್ನೆ ನಾನೂ ನೋಡಿದೆ. ನಿನ್ನ ಹೆಗಲ ಮೇಲೆ ಎರಡು ವರ್ಷದ ಗಂಡುಮಗು, ನಿನ್ನದೇ ಮೂಗು. ಎರಡೂ ಕೈಯಲ್ಲಿ ನಿನ್ನ ಕೂದಲು ಹಿಡಿದು ಕೂತಿದೆ. ನೀನು ನಗುತ್ತಿದ್ದೀಯ.

ಮೆಲೆನೈತೆಯನ್ನು ಹತ್ತಿರ ಕೂರಿಸಿಕೊಂಡು ಸಮಾಧಾನ ಹೇಳಹೊರಟೆ. ಅವಳು ಅಳಲಿಲ್ಲ. ಹಿತ್ತಲಲ್ಲಿ ಬಿಳಿ ಉಡುಪನ್ನು ಒಗೆದು ಒಣಹಾಕುತ್ತಿದ್ದ ಸೆಲಾಳ ಕಡೆ ನೋಡಿ, ನನ್ನ ಕೈ ಹಿಡಿದುಕೊಂಡು, “ಅಮ್ಮಂಗೆ ಗೊತ್ತಾಗ್ಬಾರದು ಅತ್ತೆ,” ಎಂದಳು.