ನಾಲ್ಕನೆಯ ದಿನದ ಸ್ನಾನ

ನವೆಂಬರ್ ೪, ಸೋಮವಾರ. ಪ್ರಾತಃಕಾಲ

ನೈವೇದ್ಯದ ಅನ್ನವನ್ನು ಇಂದೂ ನಾನೇ ಮಾಡಿದೆ. ತಳ ಹಿಡಿಯಿತು. ಮೊಮ್ಮಗಳು ಶ್ರೀರಕ್ಷಾ ಹೊರಗೆ ಕುಳಿತಿದ್ದಾಳೆ — ಬಾಲ್ಕನಿಯ ಪಕ್ಕದ ಕೋಣೆಯಲ್ಲಿ, ತನ್ನ ಚಾಪೆ, ತನ್ನ ತಟ್ಟೆ, ತನ್ನ ಚೊಂಬಿನೊಡನೆ. ಮಧುರವಾಡದ ಕಾಲೇಜಿನಲ್ಲಿ ಕಡೆಯ ವರ್ಷ ಓದುತ್ತಿರುವವಳು. ಇವೆಲ್ಲದರಲ್ಲಿ ನಂಬಿಕೆಯಿಲ್ಲ, ಆದರೂ ಈ ಮುದುಕನ ಮಡಿಗೆ ಭಂಗ ಬಾರದಿರಲೆಂದು ಪ್ರತಿ ತಿಂಗಳೂ ತಾನಾಗಿಯೇ ದೂರ ಕೂರುತ್ತಾಳೆ. ಆ ದಿನಗಳಲ್ಲಿ ಒಲೆ ನನ್ನದು, ಉಳಿದ ದಿನಗಳಲ್ಲಿ ಅವಳದು. ಬಾಯಿಬಿಟ್ಟು ಹೇಳುವ ಪ್ರಸಂಗವೇ ಇಲ್ಲ.

ಮಗ ಶ್ರೀಕಂಠನನ್ನು ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದರು. ಸೊಸೆ ವಿಜಯಲಕ್ಷ್ಮೀಯೂ ಅವನೊಡನೆ ಹೋದಳು. ನನ್ನವಳು ತೀರಿಕೊಂಡು ಬಹಳ ವರ್ಷವಾಯಿತು. ಅಂದಿನಿಂದ ತೆಲುಗು ಸೀಮೆಯ ಈ ಕಡಲೂರಿನ ಎಂವಿಪಿ ಕಾಲೋನಿಯ ಈ ಫ್ಲ್ಯಾಟಿನಲ್ಲಿ ನಾವಿಬ್ಬರೇ.

ನಾಲ್ಕನೆಯ ದಿನದ ತಲೆಸ್ನಾನ ನಿನ್ನೆ ಆಗಬೇಕಿತ್ತು. ಗೀಸರ್ ಹಾಕಿಟ್ಟಿದ್ದೆ. "ಬೇಡ ತಾತಾ, ಇನ್ನೂ ಹೊರಗೇ ಇದೀನಿ" ಎಂದಳು. ಗೋಡೆಯ ಕಡೆ ತಿರುಗಿಕೊಂಡು.

ಒಂದು ವಿಚಿತ್ರ. ಸಂಕಲ್ಪದಲ್ಲಿ ಮನೆಯವರ ನಕ್ಷತ್ರಗಳನ್ನು ಹೇಳುತ್ತಿದ್ದೆ — ಮಗನದು, ಸೊಸೆಯದು, ಮೊಮ್ಮಗಳದು. ಅಲ್ಲಿಗೆ ಮುಗಿಯಬೇಕು. ನಾಲಿಗೆ ಮುಗಿಸಲಿಲ್ಲ. ಇನ್ನೊಂದು ನಕ್ಷತ್ರ ಬಾಕಿಯಿರುವಂತೆ ಬಾಯಿ ತೆರೆದೇ ಉಳಿಯಿತು. ಅಂಗೈಯ ನೀರೆಲ್ಲ ಬೆರಳ ಸಂದಿಯಿಂದ ಸೋರಿಹೋದ ಮೇಲೆ ಎಚ್ಚರವಾಯಿತು.

ನವೆಂಬರ್ ೬, ಬುಧವಾರ. ಅಪರಾಹ್ಣ

ಮನೆಯಲ್ಲಿ ಬಜೆಯ ವಾಸನೆ. ಬಜೆ, ಸಾಂಬ್ರಾಣಿ, ಕಾದ ಹರಳೆಣ್ಣೆ — ಬಾಣಂತಿ ಕೋಣೆಯ ವಾಸನೆ. ನಾನು ಏನನ್ನೂ ಹಚ್ಚಿಲ್ಲ, ಕಾಯಿಸಿಲ್ಲ. ಕಿಟಕಿ ತೆರೆದೆ, ಸಮುದ್ರದ ಗಾಳಿ ನುಗ್ಗಿತು. ವಾಸನೆ ಕದಲಲಿಲ್ಲ.

ಎದುರಿನ ಬ್ಲಾಕಿನ ವರಹಾಲಮ್ಮ ತರಕಾರಿ ಗಾಡಿಯ ಬಳಿ ಸಿಕ್ಕರು. "ಪಂತುಲುಗಾರೂ, ಮೀ ಇಂಟಿಕಿ ಪೆದ್ದಾವಿಡ ಎವರೋ ವಚ್ಚಿನಟ್ಟುನ್ನಾರೇ?" ಶಾಸ್ತ್ರಿಗಳೇ, ಮನೆಗೆ ಯಾರೋ ಹಿರಿಯ ಹೆಂಗಸು ಬಂದಂತಿದೆಯಲ್ಲ ಎಂದು ಕೇಳಿದರು. ಯಾರೂ ಇಲ್ಲವೆಂದೆ.

ನಕ್ಕರು. ಮಧ್ಯಾಹ್ನ ಅವರ ಬಾಲ್ಕನಿಯಿಂದ ಕಂಡಿತಂತೆ: ಕೆಂಪಂಚಿನ ಸೀರೆಯವರೊಬ್ಬರು ಹುಡುಗಿಯ ಹಿಂದೆ ಕುಳಿತು ತಲೆ ಬಾಚುತ್ತಿದ್ದರಂತೆ. "ಹಾಗಾದರೆ ನನ್ನ ಎರಡನೇ ಕಣ್ಣಿಗೂ ಆಪರೇಷನ್ ಮಾಡಿಸಬೇಕು, ಬಿಡಿ" ಎಂದು ಬದನೆಕಾಯಿ ಆರಿಸತೊಡಗಿದರು.

ಬೇಗ ಬೇಗ ಮೇಲೆ ಬಂದೆ. ಶ್ರೀರಕ್ಷಾ ಚಾಪೆಯ ಮೇಲೆ ನಿದ್ರಿಸುತ್ತಿದ್ದಳು. ಕೂದಲನ್ನು ಸದಾ ಹರಡಿಕೊಂಡಿರುವ ಹುಡುಗಿ. ಈಗ ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದ ಒಂದೇ ಜಡೆ.

ಎದ್ದ ಮೇಲೆ ಕೇಳಿದೆ, ಯಾರು ಹೆಣೆದರು ಎಂದು. ಜಡೆಯನ್ನು ಮುಟ್ಟಿ ನೋಡಿಕೊಂಡಳು. ಬಹಳ ಹೊತ್ತು.

"ನಾನೇ ಇರಬೇಕು, ತಾತಾ."

ನವೆಂಬರ್ ೧೦, ಭಾನುವಾರ

ಇನ್ನು ಸುಮ್ಮನಿರುವುದು ಧರ್ಮವಲ್ಲವೆನಿಸಿತು. ಶ್ರೀರಕ್ಷಾ ಇನ್ನೂ ಚಾಪೆ ಬಿಟ್ಟು ಎದ್ದಿಲ್ಲ. ಕಾಲೇಜಿಗೂ ಹೋಗಿಲ್ಲ. ಇಷ್ಟು ದಿನಗಳ ರಕ್ತಸ್ರಾವವೆಂದರೆ ವ್ಯಾಧಿಯೇ ಸರಿ. ಇಂಥದನ್ನು ಗಂಡಸು ಹೇಳುವುದೆಂತು? ಆದರೂ ವಿಜಯಲಕ್ಷ್ಮೀಗೆ ಫೋನ್ ಮಾಡಿದೆ.

"ಯಾವತ್ತಿನಿಂದ ಮಾವಾ?"

"ನರಕ ಚತುರ್ದಶಿಯ ದಿನದಿಂದ."

"ಅಯ್ಯೋ! ನನಗೆ ಫೋನಲ್ಲಿ ಚೆನ್ನಾಗಿದೀನಿ ಅಂತಾಳಲ್ಲ ಕಳ್ಳಿ! ಶುಕ್ರವಾರ ಹುಣ್ಣಿಮೆ, ಇಲ್ಲಿ ಇಂದ್ರಕೀಲಾದ್ರಿ ಬೆಟ್ಟದ ಅಮ್ಮನವರಿಗೆ ಹೇಳಿಕೊಂಡ ಸೇವೆ ಇದೆ. ಮುಗಿಸಿ ಶನಿವಾರ ಬೆಳಿಗ್ಗೇನೇ ಬಂದಿಳೀತೀನಿ. ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಖರ್ಜೂರ ತಿನ್ನಿಸಿ."

ಮನಸ್ಸು ಹಗುರವಾಯಿತು. ಖರ್ಜೂರ ತಂದೆ.

ನವೆಂಬರ್ ೧೧, ಸೋಮವಾರ. ಸಂಧ್ಯಾಕಾಲ

ಬರೆದಿಡಬಾರದ ವಿಷಯ. ಆದರೂ ಬರೆಯುತ್ತೇನೆ.

ಅಮ್ಮ ಬರುತ್ತಾಳೆ, ವೈದ್ಯರಲ್ಲಿಗೆ ಕರೆದೊಯ್ಯುತ್ತಾಳೆ ಎಂದು ಸಂತೋಷದಿಂದಲೇ ಹೇಳಿದೆ. ಖರ್ಜೂರದ ತಟ್ಟೆಯನ್ನು ಮುಂದಿಟ್ಟೆ.

"ಏನ್ ಮಾಡಿಬಿಟ್ರಿ ತಾತಾ!"

ಆಮೇಲೆ, ತಟ್ಟೆಯನ್ನು ಬದಿಗೆ ಸರಿಸಿ: "ನಾನು ಹೊರಗಾಗೇ ಇಲ್ಲ. ಆಗಬೇಕಿತ್ತು. ಆಗಲಿಲ್ಲ."

ಅರ್ಥವಾಗಲಿಲ್ಲ. ಅನಂತರ ಆಯಿತು.

"ಕೂರದೇ ಇದ್ರೆ ನಿಮಗೆ ಗೊತ್ತಾಗ್ತಿತ್ತು. ಅದಕ್ಕೆ ಕೂತೆ. ಕೂತ ಮೇಲೆ ಏಳೋದು ಹೇಗಂತ ಗೊತ್ತಾಗಲಿಲ್ಲ. ಎದ್ರೆ ದೇವರ ಮನೆಗೆ ಬರಬೇಕಲ್ವಾ… ಬರೋಕೆ ಭಯ."

ವರುಣ್ ಎಂಬ ಸಹಪಾಠಿ. ಅವನಿಗೆ ವಿಷಯ ತಿಳಿದಿದೆ. ಬರುತ್ತೇನೆ ಎಂದನಂತೆ, ಈಗ ಬೇಡವೆಂದು ಇವಳೇ ತಡೆದಳಂತೆ. "ಮೊದಲು ನನಗೇ ಗೊತ್ತಾಗಲಿ ಅಂತ."

ನಾನು ಜಪದಲ್ಲಿದ್ದಾಗ ಮೆಡಿಕಲ್ ಅಂಗಡಿಗೆ ಹೋಗಿ ಗರ್ಭಪರೀಕ್ಷೆಯ ಕಿಟ್ ತಂದು ಪರೀಕ್ಷಿಸಿಕೊಂಡಿದ್ದಾಳೆ. ಒಂದೇ ಗೆರೆ. ಒಂದೇ ಗೆರೆಯೆಂದರೆ ಇಲ್ಲವೆಂದರ್ಥ. ಸಮಾಧಾನದಿಂದ ಕಸದ ಬುಟ್ಟಿಗೆ ಹಾಕಿದಳು. ಮರುದಿನ ಬೆಳಿಗ್ಗೆ ಬುಟ್ಟಿ ಖಾಲಿ ಮಾಡುವಾಗ ಕಣ್ಣಿಗೆ ಬಿತ್ತು — ಪಕ್ಕದಲ್ಲಿ ಇನ್ನೊಂದು ಗೆರೆ. ಹಿಂದಿನ ದಿನ ಇಲ್ಲದ್ದು.

ಕಾಗದದಲ್ಲಿ ಸುತ್ತಿಟ್ಟಿದ್ದಳು. ಬಿಚ್ಚಿ ತೋರಿಸಿದಳು. ಪಂಚಾಂಗ ನೋಡುವ ಭೂತಗನ್ನಡಿ ಹಿಡಿದು ನೋಡಿದೆ. ನೇರವಾಗಿ ನೋಡಿದರೆ ಇಲ್ಲ. ತುಸು ಓರೆ ಮಾಡಿದರೆ ಇದೆ — ಒರೆಸಿದ ಮೇಲೂ ಹಣೆಯಲ್ಲಿ ಉಳಿದ ವಿಭೂತಿಯ ಹಾಗೆ. ಮತ್ತೆ ಇಲ್ಲ.

"ನಿಮಗೆ ಕಾಣುತ್ತಾ ತಾತಾ? ಇಲ್ಲಾ ನನಗೆ ಹುಚ್ಚಾ?"

"ಕಾಣುತ್ತೆ."

ಆಗ ಅತ್ತಳು. ಅಷ್ಟು ದಿನದಲ್ಲಿ ಮೊದಲ ಬಾರಿಗೆ. ನಾನು ಅವಳ ಮುಂದೆ ನಿಂತಿದ್ದೆ. ಅವಳು ಹಿಂದಕ್ಕೆ ಒರಗಿದಳು. ಹಿಂದೆ ಗೋಡೆಯಿಲ್ಲ, ದಿಂಬಿಲ್ಲ. ಬೀಳುತ್ತಾಳೆಂದು ಕೈ ಚಾಚಿದೆ.

ಬೀಳಲಿಲ್ಲ.

ನವೆಂಬರ್ ೧೨, ಮಂಗಳವಾರ

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಳು. ದೇವರ ಮನೆಯ ಹೊಸ್ತಿಲವರೆಗೆ ಬಂದು ನಿಂತಳು. ನಾನು ಕರೆಯಲಿಲ್ಲ. ಅವಳು ಬರಲಿಲ್ಲ.

ಬಾಬ್ಜಿಯ ಆಟೋದಲ್ಲಿ ಹೊರಟೆವು. ನನ್ನ ಹಣೆ, ಉತ್ತರೀಯ ನೋಡಿ, "ಪಂತುಲುಗಾರೂ, ಗುಡಿಕೇನಾ?" ಎಂದ. ಗುಡಿಗಲ್ಲಪ್ಪ, ಆಸ್ಪತ್ರೆಗೆ ಎಂದೆ. "ಮಂಡಿ ನೋವಾ?" ಎಂದು ದಾರಿಯುದ್ದಕ್ಕೂ ತನ್ನ ತಾಯಿಯ ಮಂಡಿಯ ಕಥೆ ಹೇಳಿದ. ಶ್ರೀರಕ್ಷಾ ಒಮ್ಮೆ ನಕ್ಕಳು ಕೂಡ.

ಚಿಕ್ಕ ಕ್ಲಿನಿಕ್. ನಡುವಯಸ್ಸಿನ ವೈದ್ಯೆ. ಇವರು ಯಾರೆಂದು ಕೇಳಿದರು. "ಮಾ ತಾತಯ್ಯ." ವೈದ್ಯೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಇವರು ಇರಬೇಕೋ, ಹೊರಗೆ ಕೂರಬೇಕೋ ನೀನೇ ಹೇಳಮ್ಮ ಎಂದರು. ನಾನು ಎದ್ದಾಗಿತ್ತು. ಉತ್ತರೀಯದ ತುದಿ ಅವಳ ಮುಷ್ಟಿಯಲ್ಲಿತ್ತು.

"ಉಂಡನಿವ್ವಂಡಿ." ಇರಲಿ ಬಿಡಿ ಎಂದಳು.

ಉಳಿದೆ. ಕಿಟ್ಟನ್ನು ಹೇಳಿದ ಸಮಯದೊಳಗೆ ನೋಡಬೇಕಂತೆ. ಒಣಗಿದ ಮೇಲೆ ಮೂಡುವ ಗೆರೆಯನ್ನು ನಂಬಬಾರದು. ಅದನ್ನು ನೋಡಿ ಹೌದೆಂದೂ ಇಲ್ಲವೆಂದೂ ಹೇಳಲಾಗದು. ರಕ್ತ ತೆಗೆದುಕೊಂಡರು. ಫಲಿತಾಂಶ ನಾಳೆ ಫೋನಿಗೆ.

ಕೊನೆಗೆ ಹೇಳಿದರು — ತೆಲುಗಿನಲ್ಲಿ, ಅವಳಿಗೆ, ನಿಧಾನವಾಗಿ: "ಇದ್ದರೂ ಗಾಬರಿಯಾಗಬೇಡ. ನೀನು ಮೇಜರ್. ಮುಂದುವರಿಸೋದು, ಬಿಡೋದು ನಿನ್ನ ತೀರ್ಮಾನ. ಅಪ್ಪ ಅಮ್ಮನ ಸಹಿ ಬೇಕಿಲ್ಲ. ಯೋಚಿಸೋಕೆ ಟೈಮ್ ಇದೆ, ಆದರೆ ತುಂಬಾ ತಡ ಮಾಡಬೇಡ. ಏನೇ ಆಗಲಿ ಇಲ್ಲಿಗೆ ಬಾ. ಕಂಡಕಂಡ ಮಾತ್ರೆ ನುಂಗಬೇಡ." ಕೌನ್ಸೆಲರ್ ಒಬ್ಬರ ನಂಬರನ್ನೂ ಕೊಟ್ಟರು.

ಹೊರಡುವಾಗ ನರ್ಸ್ ಬಾಗಿಲನ್ನು ತೆರೆದು ಹಿಡಿದಳು. ಶ್ರೀರಕ್ಷಾ ದಾಟಿದಳು, ನಾನು ದಾಟಿದೆ. ಆಮೇಲೂ ನರ್ಸ್ ಬಾಗಿಲು ಬಿಡಲಿಲ್ಲ. ಇನ್ನೂ ಒಬ್ಬರು ಹೊರಬರಲಿಕ್ಕಿದೆಯೆಂಬಂತೆ.

ನವೆಂಬರ್ ೧೩, ಬುಧವಾರ

ಫೋನ್ ಟಿಣ್ ಎಂದಿತು. ನನ್ನ ಕೈಗೆ ಕೊಟ್ಟಳು. "ನೀವು ಓದಿ."

ಓದಿದೆ. ಪಾಸಿಟಿವ್.

ಅವಳು ಅಳಲಿಲ್ಲ. "ನನಗೆ ಟೈಮ್ ಬೇಕು ತಾತಾ. ಅಮ್ಮ ಬಂದ್ರೆ ಟೈಮ್ ಇರಲ್ಲ. ಬಾಗಿಲಲ್ಲೇ ಎಲ್ಲಾ ತೀರ್ಮಾನ ಮಾಡಿಬಿಡ್ತಾಳೆ — ಅದೂ, ಮದುವೆಯೂ, ನನ್ನ ಕಾಲೇಜೂ."

ವಿಜಯಲಕ್ಷ್ಮೀಯನ್ನು ಕರೆಸಿದವನು ನಾನು. ತಡೆಯಬೇಕಾದವನೂ ನಾನೇ.

ನವೆಂಬರ್ ೧೪, ಗುರುವಾರ

ಫೋನ್ ಮಾಡಿದೆ. ಮುಂದಿನ ವಾರ ಬಂದರೆ ಸಾಕು ಎಂದೆ.

"ಯಾಕೆ ಮಾವಾ? ನಿಂತಿತಾ?"

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಮಾವಾ, ನೀವು ಸುಳ್ಳು ಹೇಳೋರಲ್ಲ. ಏನಾಗಿದೆ ಅಲ್ಲಿ?"

"ಅವಳು ಕ್ಷೇಮವಾಗಿದ್ದಾಳೆ" ಎಂದೆ. ಅದು ಸತ್ಯ.

"ಪಕ್ಕದಲ್ಲಿ ಯಾರಿದಾರೆ? ಯಾರೋ ಹೆಂಗಸಿನ ಬಳೆ ಸದ್ದು ಕೇಳ್ತಿದೆ."

ಶ್ರೀರಕ್ಷಾ ಬಳೆ ತೊಡುವುದಿಲ್ಲ. ಸ್ನಾನಕ್ಕೆ ಹೋಗಿದ್ದಳು.

"ಯಾರೂ ಇಲ್ಲ" ಎಂದೆ. ಅದು ಸತ್ಯವೋ ಅಲ್ಲವೋ, ನಾನರಿಯೆ. ವಿಜಯಲಕ್ಷ್ಮೀ ಶನಿವಾರವೇ ಬರುತ್ತಾಳೆ.

ನವೆಂಬರ್ ೧೫, ಶುಕ್ರವಾರ. ಕಾರ್ತಿಕ ಪೂರ್ಣಿಮೆ, ಪ್ರದೋಷ

ವರಹಾಲಮ್ಮ ವರ್ಷದ ದಿನಕ್ಕೊಂದರಂತೆ ಎಳೆ ಸೇರಿಸಿದ ಬತ್ತಿಯ ಕಟ್ಟನ್ನು ತುಪ್ಪದಲ್ಲಿ ನೆನೆಸಿ ಕಳಿಸಿದ್ದರು. ಶ್ರೀರಕ್ಷಾಳೇ ಬಾಲ್ಕನಿಯಲ್ಲಿ ಹಚ್ಚಿದಳು. ಎಲ್ಲ ಮನೆಗಳ ದೀಪಗಳೂ ಗಾಳಿಗೆ ಮಲಗಿ ಏಳುತ್ತಿದ್ದವು. ನಮ್ಮದು ಚಿತ್ರದಲ್ಲಿ ಬರೆದಂತೆ ನೆಟ್ಟಗೆ ನಿಂತಿತ್ತು.

"ಕೌನ್ಸೆಲರ್ ಹತ್ರ ಎರಡು ಸಲ ಮಾತಾಡಿದೆ. ವರುಣ್ ಹತ್ರಾನೂ. ನನ್ನಿಂದ ಈಗ ಆಗಲ್ಲ ತಾತಾ. ಬೇಡ." ದೀಪವನ್ನೇ ನೋಡುತ್ತ, "ಪಾಪ ಅಂತೀರಾ?"

ಶಾಸ್ತ್ರ ಏನನ್ನುತ್ತದೆಂದು ಬಲ್ಲೆ. ಜೀವಮಾನವೆಲ್ಲ ಅದನ್ನೇ ಓದಿದವನು. ಶ್ಲೋಕ ನಾಲಿಗೆಯವರೆಗೂ ಬಂತು. ಅವಳ ಮುಖ ನೋಡಿದೆ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಊಟ ಮಾಡು" ಎಂದೆ.

"ಅಮ್ಮನಿಗೆ ನಾನೇ ಹೇಳ್ತೀನಿ. ನೀವು ಇರ್ತೀರಲ್ಲ?"

"ಇರುತ್ತೇನೆ."

ವರಹಾಲಮ್ಮ ಎದುರು ಬಾಲ್ಕನಿಯಿಂದ ಕೈ ಮುಗಿದರು. ನನಗೆಂದು ಭಾವಿಸಿ ಪ್ರತಿವಂದನೆ ಮಾಡಿದೆ. ಅವರ ದೃಷ್ಟಿ ನನ್ನ ಮೇಲಿರಲಿಲ್ಲ. ನಮ್ಮಿಬ್ಬರ ನಡುವೆ ಇತ್ತು.

ನವೆಂಬರ್ ೧೬, ಶನಿವಾರ. ಬೆಳಿಗ್ಗೆ

ವಿಜಯಲಕ್ಷ್ಮೀ ಬಂದಳು. ಅಮ್ಮನವರ ಕುಂಕುಮ ಕೊಟ್ಟಳು. ಮಗಳು ಚಾಪೆಯ ಮೇಲಿಲ್ಲದೆ ಅಡುಗೆಮನೆಯಲ್ಲಿರುವುದನ್ನು ಕಂಡಳು.

"ತಾತಾ, ನೀವು ಸ್ವಲ್ಪ ಒಳಗಿರಿ. ಕರೀತೀನಿ" ಎಂದಳು ಶ್ರೀರಕ್ಷಾ. ಕೋಣೆಗೆ ಬಂದೆ. ಜಪದಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳ ಧ್ವನಿ ಕೇಳುತ್ತಿದೆ. "ಅಮ್ಮಾ, ಮೊದಲು ಕೂತ್ಕೋ." ಆಮೇಲೆ ಸಣ್ಣಗೆ, ತಡೆಯದೆ, ಒಂದೇ ಸಮನೆ. ಹೇಳುತ್ತಿದ್ದಾಳೆ. ಹೇಳಿಬಿಟ್ಟಳು.

ಈಗ ಏನೂ ಇಲ್ಲ. ಕುರ್ಚಿ ಸರಿದ ಸದ್ದಿಲ್ಲ, ಅಳುವಿಲ್ಲ, ಫ್ಯಾನಿನ ಸದ್ದೂ ಇಲ್ಲ.

"ಮಾವಾ!" ವಿಜಯಲಕ್ಷ್ಮೀ. ಕಿರುಚಲಿಲ್ಲ; ನನಗೆ ಭಯವಾದದ್ದೇ ಅದಕ್ಕೆ. "ಮಾವಾ, ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ನಾನೇ ಜೊತೆಗೆ ಹೋಗಿದ್ದೆ, ಇನ್ನು ಮುಂದೆಯೂ ಹೋಗುವವನು ನಾನೇ — ಇಷ್ಟನ್ನು ಹೇಳಬೇಕು. ಏಳುತ್ತಿದ್ದೇನೆ. ಮಂಡಿ ಏಳಗೊಡುತ್ತಿಲ್ಲ. ತೋಳಿಗೆ ಯಾರೋ ಆಸರೆ ಕೊಟ್ಟು ಎಬ್ಬಿಸುತ್ತಿದ್ದಾರೆ. ಬಳೆಯ ಸದ್ದು.